ಖಾಲಿ ತಾಟಿಗೆ ಹೊದಿಸಿದ ಬಟ್ಟೆ

ಪ್ರೀತಿಯ ರಶೀದಾ ಮಾವಶಿ,

ನಿನಗೆ ಕನ್ನಡ ಓದಲು ಬರುತ್ತಿರಲಿಲ್ಲ. ನಿಪ್ಪಾಣಿ ಬಸ್ಸಿನ ಬೋರ್ಡನ್ನೂ ನನ್ನಿಂದಲೇ ಓದಿಸಿಕೊಳ್ಳುತ್ತಿದ್ದವಳು ನೀನು. ಬದುಕಿದ್ದಾಗ ಓದಲಾಗದವಳು ಈಗ ಓದುತ್ತೀ ಎಂದು ನಂಬಿ ಹಾಳೆ ತುಂಬಿಸುವುದು ಹುಚ್ಚುತನವೇ ಇರಬಹುದು. ಆದರೆ ನೀನು ನನ್ನ ಮುಖ ಓದುತ್ತಿದ್ದೆಯಲ್ಲ? ಪರೀಕ್ಷೆಯಲ್ಲಿ ನಪಾಸಾಗಿ ಬಂದ ದಿನ ಓಣಿಯ ಆ ತುದಿಯಿಂದಲೇ, ‘ಸುಮ್ಮೀ, ಮೊದಲ ನಮ್ಮ ಮನೀಗೆ ಬಾ, ನೀರ ಕುಡದು ಹೋಗೀಯಂತ’ ಎಂದು ಕರೆದಿದ್ದೆ. ಆ ಓದನ್ನು ನಂಬಿ ಬರೆಯುತ್ತಿದ್ದೇನೆ. ಇದರಲ್ಲಿ ಒಂದು ತಪ್ಪೊಪ್ಪಿಗೆ ಇದೆ, ಒಂದು ಸುದ್ದಿಯೂ ಇದೆ. ತಪ್ಪು ನಿನಗೆ ಗೊತ್ತಿರುವುದೇ. ಸುದ್ದಿ ಮಾತ್ರ ಗೊತ್ತಿಲ್ಲ.

ಏಪ್ರಿಲ್‌ನಲ್ಲಿ ನಮ್ಮ ಚಿಕ್ಕೋಡಿಯ ಕಾಲೇಜಿನ ವಾರ್ಷಿಕ ಗ್ಯಾದರಿಂಗ್ ನಡೆಯಿತು. ಚರ್ಚಾಸ್ಪರ್ಧೆಗೆ ನನ್ನನ್ನು ನಿರ್ಣಾಯಕಿಯಾಗಿ ಕೂರಿಸಿದ್ದರು. ಕರಿಹಲಗೆಯ ಮೇಲೆ ಸುಂದರವಾದ ಅಕ್ಷರದಲ್ಲಿ ವಿಷಯ ಬರೆದಿತ್ತು: ಧರ್ಮ ಪ್ರೀತಿಯನ್ನು ಕಲಿಸುತ್ತದೆಯೋ, ದ್ವೇಷವನ್ನು ಬೆಳೆಸುತ್ತದೆಯೋ? ಮಕ್ಕಳು ಚೆನ್ನಾಗಿಯೇ ಮಾತಾಡಿದರು. ಒಬ್ಬ ಶರಣರನ್ನೂ ಸಂತರನ್ನೂ ಸಾಲಾಗಿ ನಿಲ್ಲಿಸಿದ, ಇನ್ನೊಬ್ಬ ಯುದ್ಧಗಳನ್ನು. ಬಹುಮಾನ ಕೊಟ್ಟು ಮುಗಿದ ಮೇಲೆ ಅಲಖನೂರಿನ ಹುಡುಗಿಯೊಬ್ಬಳು ಎದ್ದು ನಿಂತಳು. ಕಬ್ಬಿನ ಹೊಲದವರ ಮಗಳು, ಮುಖ ನೋಡಿಯೇ ಮಾತಾಡುವವಳು. ‘ಮೇಡಂ, ಎಲ್ಲಾರೂ ಹೇಳಿದ್ರು, ನೀವ ಏನೂ ಹೇಳಲಿಲ್ಲಲ್ರಿ. ನಿಮಗ ಏನ ಅನಸ್ತೈತಿ?’ ಎಂದಳು. ನಾನು ಗಡಿಯಾರ ನೋಡಿ, ‘ನಿಮ್ಮ ಊರಿನ ಬಸ್ ಹೋದ್ರ ನನಗ ಬೈತೀರಿ, ನಡೀರಿ’ ಎಂದೆ. ಎಲ್ಲರೂ ನಕ್ಕರು. ಆ ಹುಡುಗಿ ನಗಲಿಲ್ಲ. ಮನೆಗೆ ನಡೆದು ಬರುವಾಗ ನನ್ನ ಕಣ್ಣ ಮುಂದೆ ಶರಣರೂ ಇರಲಿಲ್ಲ, ಯುದ್ಧಗಳೂ ಇರಲಿಲ್ಲ. ನಿನ್ನ ಸ್ಟೀಲಿನ ತಾಟು ಇತ್ತು, ಮಾವಶಿ.

ನೆನಪಿದೆಯೇ, ಬೇಸಿಗೆ ಬಂತೆಂದರೆ ಬೋರಗಾಂವದ ನಮ್ಮ ಮಾಳಿಗೆಯ ಮೇಲೆ ನೀವಿಬ್ಬರೂ ಶಾವಿಗೆ ಹೊಸೆಯುತ್ತಿದ್ದುದು? ಆ ಶಾವಿಗೆ ಮಣೆಗೆ ನಮ್ಮ ಹೊಲದ ಜಾಲಿಯ ಕಟ್ಟಿಗೆ, ಬಡಿಗನಿಂದ ಮಾಡಿಸಿ ತಂದವನು ನಿನ್ನ ಗಂಡ ಗೌಸ್ ಕಾಕಾ. ಮಗ್ಗದ ಕೆಲಸಕ್ಕೆ ಹೋಗುವ ಮೊದಲು ಅದನ್ನು ಹೆಗಲ ಮೇಲೆ ಹೊತ್ತು ತಂದು ಮಾಳಿಗೆಗೆ ಏರಿಸಿ ಹೋಗುತ್ತಿದ್ದ. ಇಳಿಜಾರಾಗಿ ಇಟ್ಟ ಆ ಉದ್ದ ಮಣೆಯ ಮೇಲೆ ಅವ್ವ ಕುದುರೆ ಏರಿದಂತೆ ಕೂತು, ನಾದಿದ ಹಿಟ್ಟಿನ ಉಂಡೆಯನ್ನು ಅಂಗೈಯಲ್ಲಿ ಉಜ್ಜಿ ಉಜ್ಜಿ ಎಳೆ ಇಳಿಸುತ್ತಿದ್ದಳು. ನೀನು ಕೆಳಗೆ ಕೂತು ಆ ಎಳೆಯನ್ನು ಬೆರಳ ಮೇಲೆ ಹಿಡಿದು, ತುಂಡಾಗದಂತೆ ಹಿಂಜಿ, ಕೋಲಿನ ಮೇಲೆ ಹಾಕುತ್ತಿದ್ದೆ. ಒಬ್ಬರಿಂದ ಆಗುವ ಕೆಲಸವಲ್ಲ ಅದು. ಉಜ್ಜುವವಳ ಕೈ ಅವಸರವಾದರೂ ಎಳೆ ಹರಿಯುತ್ತದೆ, ಹಿಡಿಯುವವಳ ಕೈ ನಿಧಾನವಾದರೂ ಹರಿಯುತ್ತದೆ.

‘ಗಂಗಕ್ಕಾ, ಸಾವಕಾಶ. ಕುದರೀ ಓಡಸಾಕತ್ತೀ ಏನ ಶಾವಿಗೀ ಹೊಸ್ಯಾಕತ್ತೀ?’

‘ನಿನ್ನ ಕೈಯಾಗೇನ ಮೆಹಂದಿ ಹಚ್ಕೊಂಡೀ ಏನಲೇ ರಶೀದಾ? ಚಟ್ಟನ ಹಿಡಿ.’

‘ಹಿಡೀತೀನಿ, ಹಿಡೀತೀನಿ. ನಿಮ್ಮ ಮಲ್ಲಯ್ಯ ಕುದರೀ ಮ್ಯಾಲ ಬರ್ತಾನಂತಲ್ಲ, ಅದ ಗಾಳಿ ನಿನಗ ಬಡದೈತಿ.’

ಅವ್ವ ಮೊದಲ ಎಳೆಗೆ ನಮ್ಮ ಮನೆದೇವರು ಮಂಗಸೂಳಿಯ ಮಲ್ಲಯ್ಯನ ಹೆಸರು ಹೇಳುತ್ತಿದ್ದಳು, ನೀನು ಬಿಸ್ಮಿಲ್ಲಾ ಅನ್ನುತ್ತಿದ್ದೆ. ಎರಡೂ ಒಂದೇ ಎಳೆಯ ಮೇಲೆ. ಒಣಗಿದ ಮೇಲೆ ಅರ್ಧ ನಮ್ಮ ಮನೆಯ ಡಬ್ಬಿಗೆ, ಅರ್ಧ ನಿನ್ನ ಮನೆಗೆ. ನಮ್ಮದು ಮದುವೆ ಮುಂಜಿಗೆ, ಬೀಗರು ಬಂದಾಗ ಬೆಲ್ಲದ ಜೊತೆಗೆ. ನಿನ್ನದು ರಮಜಾನಿಗೆ.

ರಮಜಾನ್ ಹಬ್ಬದ ಮುಂಜಾನೆ ನಿನ್ನ ತಾಟು ಬರುವುದನ್ನು ನಾನು ಹೊಸ್ತಿಲ ಮೇಲೆ ಕೂತು ಕಾಯುತ್ತಿದ್ದೆ. ನೀನೇ ಕೈಯಾರೆ ಹೆಣೆದ ಬಿಳಿ ಬಟ್ಟೆ ಅದರ ಮೇಲೆ. ಒಳಗೆ ಒಣ ಶಾವಿಗೆ, ಸಕ್ಕರೆ, ಒಣಖರ್ಜೂರದ ಖಾರೀಕು, ಗೋಡಂಬಿ, ಒಂದು ಏಲಕ್ಕಿ. ಎಲ್ಲ ಹಸಿ ಸಾಮಾನು. ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಂಡವರ ಮನೆ. ನಿನ್ನ ಒಲೆಯ ಮೇಲೆ ಬೆಂದದ್ದನ್ನು ಅವ್ವ ಮುಟ್ಟುವವಳಲ್ಲ. ಅದಕ್ಕೇ ನೀನು ಬೇಯಿಸದ್ದನ್ನೇ ಕಳಿಸುತ್ತಿದ್ದೆ, ಅವ್ವ ನಮ್ಮ ಒಲೆಯ ಮೇಲೆ ಹಾಲು ಕಾಯಿಸಿ ಸುರಕುಂಬಾ ಮಾಡುತ್ತಿದ್ದಳು. ತಾಟು ತೊಳೆದು, ಅದರಲ್ಲೊಂದು ಹಿಡಿ ಸಕ್ಕರೆ ಹಾಕಿ, ನಿನ್ನ ಬಟ್ಟೆಯನ್ನೇ ಮುಚ್ಚಿ ತಿರುಗಿ ಕೊಡುತ್ತಿದ್ದಳು. ಬಂದ ತಾಟನ್ನು ಖಾಲಿ ಕಳಿಸುವುದು ಎಂದರೆ ‘ಇನ್ನು ನಮ್ಮ ಮನೆಗೆ ಬರಬೇಡ’ ಎಂದಂತೆ. ಇದನ್ನು ನನಗೆ ಯಾರೂ ಕಲಿಸಲಿಲ್ಲ. ನಮ್ಮ ಓಣಿಯಲ್ಲಿ ನಡೆಯಲು ಕಲಿತ ಮಗುವಿಗೂ ಅದು ಗೊತ್ತಿತ್ತು.

ಎಂಟೋ ಒಂಬತ್ತೋ ವರ್ಷದವಳಿದ್ದಾಗ ಒಂದು ಹಬ್ಬದ ದಿನ ನಾನು ನಿನ್ನ ಅಡುಗೆಮನೆಗೇ ಬಂದೆ. ದೊಡ್ಡ ಪಾತೇಲಿಯಲ್ಲಿ ಸುರಕುಂಬಾ ಕುದಿಯುತ್ತಿತ್ತು. ಅವ್ವ ಮಾಡುವುದಕ್ಕೂ ಅದಕ್ಕೂ ವಾಸನೆಯೇ ಬೇರೆ. ತುಪ್ಪದಲ್ಲಿ ಶಾವಿಗೆ ಕೆಂಪಗೆ ಹುರಿದ ವಾಸನೆ. ‘ನನಗೊಂದ ಬಟ್ಟಲ ಕೊಡ ಮಾವಶಿ’ ಅಂದೆ. ನೀನು ಸೌಟು ಕೆಳಗಿಟ್ಟು ನನ್ನನ್ನು ತೊಡೆಯ ಮೇಲೆ ಎಳೆದುಕೊಂಡೆ.

‘ನಿಮ್ಮವ್ವ ನಿನ್ನ ಇಲ್ಲಿಗೆ ಯಾರ ಮ್ಯಾಲ ಭರವಸಾ ಇಟ್ಟ ಕಳಸ್ತಾಳ? ನನ್ನ ಮ್ಯಾಲ. ಹೌದಿಲ್ಲೋ? ಆಕೀ ಕಣ್ಣ ತಪ್ಪಿಸಿ ನಾ ನಿನಗ ತಿನಸಬಾರದು ಬೇಟಾ.’

‘ನಾ ಹೇಳೂದಿಲ್ಲ.’

‘ನೀ ಹೇಳಲಿಕ್ಕಿಲ್ಲ. ಅಲ್ಲಾ ಕೇಳ್ತಾನಲ್ಲ? ನಿಮ್ಮವ್ವ ತಿನ್ನ ಅಂದ ದಿನ ತಿನ್ನೀಯಂತ. ಅವತ್ತ ಪಾತೇಲಿನ ನಿಂದು.’

ನಾನು ಅತ್ತೆ. ನೀನು ಒಂದು ಖಾರೀಕು ಬಾಯಿಗಿಟ್ಟೆ. ಆಮೇಲೆ ಧಾರವಾಡದಲ್ಲಿ ಎಂ.ಎ. ಓದುವಾಗ, ಊಟಕ್ಕೊಂದು ಗೋಡೆ ಕಟ್ಟಿದ ಅವ್ವನ ಮೇಲೆ ನನಗೆ ಸಿಟ್ಟು ಬರುತ್ತಿತ್ತು. ಆ ಗೋಡೆಗೆ ಕೈ ಹಚ್ಚದೆ ಆ ಕಡೆಯಿಂದ ಅದನ್ನು ಕಾಯ್ದ ನಿನ್ನ ಮೇಲೂ. ಹಾಸ್ಟೆಲ್ಲಿನಲ್ಲಿ ಎಲ್ಲರ ಡಬ್ಬಿಯಿಂದಲೂ ತಿಂದೆ. ನಿನ್ನ ಪಾತೇಲಿಯಿಂದ ಮಾತ್ರ ತಿನ್ನಲಿಲ್ಲ, ಮಾತು ಕೊಟ್ಟಂತಾಗಿತ್ತಲ್ಲ. ಇವತ್ತು ಯೋಚಿಸಿದರೆ… ಅದು ನಿನ್ನ ಧರ್ಮವೋ, ನಮ್ಮ ಧರ್ಮವೋ? ಇನ್ನೊಬ್ಬರ ಮಡಿಯನ್ನು ತನ್ನ ದೇವರ ಮುಂದೆ ಕಾಯುವುದನ್ನು ಏನೆಂದು ಕರೆಯಬೇಕು?

ನನ್ನ ತಮ್ಮ ಶಿವು ಐದು ವರ್ಷದವನಿದ್ದಾಗ ಇಪ್ಪತ್ತು ದಿನ ಜ್ವರ ಬಿಡದೆ ಮಲಗಿದ್ದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಅವ್ವ ಹೊಲಕ್ಕೆ ಹೋದಾಗ ಒದ್ದೆ ಬಟ್ಟೆ ಬದಲಿಸುತ್ತ ಕೂತವಳು ನೀನು. ಜ್ವರ ಇಳಿದ ಮೇಲೆ ಹರಕೆ ತೀರಿಸಲು ಎಲ್ಲರೂ ಮಂಗಸೂಳಿಗೆ ಹೊರಟೆವು. ನೀನೂ ಬಂದೆ. ಗುಡಿಯ ಮೆಟ್ಟಿಲ ಕೆಳಗೆ ನಿಂತು ಸೆರಗೊಡ್ಡಿ ಅರಿಸಿನದ ಭಂಡಾರ ಇಸಿದುಕೊಂಡೆ. ಊರಿನ ಯಾರೋ ಹೆಂಗಸು, ‘ಏನವಾ ರಶೀದಾಬಿ, ನಮ್ಮ ದೇವರಿಗೆ ನೀ ಯಾಕ ಬಂದಿ?’ ಎಂದು ಚುಚ್ಚಿದ್ದಕ್ಕೆ ನೀನು ಅಂದದ್ದನ್ನು ಅವ್ವ ಇವತ್ತಿಗೂ ಹೇಳುತ್ತಾಳೆ: ‘ದೇವರು ನಿಮ್ಮಾಂವ, ಖರೆ. ಜ್ವರ ಬಂದಿದ್ದ ನನ್ನ ಮಗಗ.’

ನಿನ್ನ ಆ ಮಗನ ಕೆಮ್ಮಿನ ಬಗ್ಗೆ ಈಗ ಬರೆಯಬೇಕು.

ಆ ವರ್ಷ ಗಣಪತಿ ಹಬ್ಬವೂ ರೋಜಾ ತಿಂಗಳೂ ಒಂದಕ್ಕೊಂದು ತಾಗಿ ಬಂದವು. ರಾಜ್ಯದ ಗಡಿಯಾಚೆ ಎಲ್ಲೋ ಗಲಾಟೆಯಾಯಿತು. ನಮ್ಮ ಊರಲ್ಲಿ ಒಂದು ಕಲ್ಲೂ ಬೀಳಲಿಲ್ಲ, ಆದರೆ ಎಲ್ಲರ ಕೈಯಲ್ಲೂ ಮೊಬೈಲು ಬಂದಿತ್ತು. ಯಾರೋ ಕಳಿಸಿದ ಮೆಸೇಜು ಇನ್ಯಾರಿಗೋ ಹೋಗುತ್ತಿತ್ತು. ಓಣಿಯ ಗಣಪತಿ ಮಂಡಳದ ಹುಡುಗರು, ಅವರ ಅಂಗಡಿಗೆ ಹೋಗಬಾರದು, ಅವರ ಜೊತೆ ಕೊಡುವುದು ತೆಗೆದುಕೊಳ್ಳುವುದು ಬಂದ್ ಎಂದು ಮಾತಾಡಿಕೊಂಡಿದ್ದರು. ಶಿವು ಮಂಡಳದ ಹಿರಿಯ. ಕೆಟ್ಟವನಲ್ಲ ಮಾವಶಿ, ನಿನಗೆ ಗೊತ್ತು. ನಾಲ್ಕು ಜನರ ನಡುವೆ ಒಬ್ಬನೇ ಬೇರೆಯಾಗಿ ನಿಲ್ಲಲಾರ, ಅಷ್ಟೇ. ಅಷ್ಟೇ ಎನ್ನುತ್ತೇನೆ, ಆದರೆ ಅಷ್ಟೇ ಸಾಕಾಗುತ್ತದಲ್ಲ…

ಹಬ್ಬದ ದಿನ ರಜೆಯೆಂದು ನಾನು ಊರಿಗೆ ಬಂದಿದ್ದೆ. ಶಿವು ಪಡಸಾಲೆಯಲ್ಲಿ ಮಂಡಳದ ಇಬ್ಬರ ಜೊತೆ ಚಹಾ ಕುಡಿಯುತ್ತಿದ್ದ. ಅವ್ವ ಹಿತ್ತಲಲ್ಲಿ ಎಮ್ಮೆಗೆ ನೀರು ಹಾಕುತ್ತಿದ್ದಳು. ಪ್ರತಿವರ್ಷ ಮಗಳು ಶಾಹೀನಳ ಕೈಯಲ್ಲಿ ತಾಟು ಕಳಿಸುತ್ತಿದ್ದ ನೀನು ಆ ವರ್ಷ ನೀನೇ ತಂದೆ. ಯಾಕೆ ಎಂದು ಆಮೇಲೆ ಹೊಳೆಯಿತು. ಇಂಥ ದಿನದಲ್ಲಿ ಮಗಳನ್ನು ಓಣಿಯಲ್ಲಿ ಕಳಿಸಬಾರದೆಂದು, ಅಲ್ಲವೇ? ನೀನು ಬಾಗಿಲಲ್ಲಿ ನಿಂತು, ‘ಸುಮ್ಮೀ, ಯಾವಾಗ ಬಂದೀ? ಸೊರಗೀಯಲ್ಲ. ಚಿಕ್ಕೋಡ್ಯಾಗ ಪುಸ್ತಕಾನ ತಿಂತೀಯೇನ?’ ಎಂದು ನಕ್ಕೆ. ನಾನು ತಾಟು ತೆಗೆದುಕೊಂಡು ಒಳಗೆ ಹೋಗಿ ಡಬ್ಬಿಗೆ ಸುರುವಿದೆ. ತಾಟು ತೊಳೆದೆ. ನನ್ನ ಕೈ ಸಕ್ಕರೆಯ ಡಬ್ಬಿಗೆ ಹೋಯಿತು. ಮುಚ್ಚಳ ತೆಗೆದ ಸದ್ದಾಯಿತು. ಪಡಸಾಲೆಯಲ್ಲಿ ಶಿವು ಕೆಮ್ಮಿದ.

ಅಷ್ಟೇ. ಕೆಮ್ಮಿದ. ಯಾರೂ ಒಂದು ಮಾತು ಆಡಲಿಲ್ಲ. ಅವನು ನನಗಿಂತ ನಾಲ್ಕು ವರ್ಷ ಚಿಕ್ಕವನು, ನಾನು ಅವನ ಕಿವಿ ಹಿಂಡಿ ಬೆಳೆಸಿದವಳು. ಕವಿತೆ ಓದಿ ಕಣ್ಣು ಒರೆಸಿಕೊಳ್ಳುವವಳು, ಎಲ್ಲ ಕುಲವೂ ಒಂದೇ ಎಂದು ತರಗತಿಯಲ್ಲಿ ಗಂಟೆಗಟ್ಟಲೆ ಹೇಳುವವಳು. ಮುಚ್ಚಳವನ್ನು ಸದ್ದಾಗದಂತೆ ತಿರುಗಿ ಹಾಕಿದೆ. ಒದ್ದೆ ತಾಟನ್ನೂ ನಿನ್ನ ಬಿಳಿ ಬಟ್ಟೆಯನ್ನೂ ತಂದು ಕೈಗೆ ಕೊಟ್ಟೆ. ಮುಖ ನೋಡಲಿಲ್ಲ.

ನೀನು ತಾಟನ್ನು ನೋಡಿದೆ. ಪಡಸಾಲೆಯಲ್ಲಿ ಕೂತವರನ್ನೂ ನೋಡಿದೆ. ಆಮೇಲೆ ಆ ಖಾಲಿ ತಾಟಿಗೆ ಬಿಳಿ ಬಟ್ಟೆ ಹೊದಿಸಿದೆ. ನಾಲ್ಕೂ ಮೂಲೆ ಸರಿಮಾಡಿ ಎರಡೂ ಕೈಯಲ್ಲಿ ಹಿಡಿದೆ, ಭಾರವಿದ್ದರೆ ಹಿಡಿಯುತ್ತಾರಲ್ಲ, ಹಾಗೆ. ‘ಬರ್ತೀನಿ ಸುಮ್ಮೀ. ಅವ್ವಗ ಹೇಳ’ ಎಂದು ಮೆಟ್ಟಿಲಿಳಿದು ಓಣಿಯುದ್ದಕ್ಕೂ ನಡೆದು ಹೋದೆ. ಕಟ್ಟೆಯ ಮೇಲೆ ಕೂತವರೆಲ್ಲ ನೋಡಿದರು. ಗಂಗವ್ವನ ಮನೆಯಿಂದ ತಾಟು ತುಂಬಿ ಹೊರಟಿದೆ ಎಂದೇ ಅವರಿಗೆ ಕಂಡಿರಬೇಕು. ಯಾರ ಮರ್ಯಾದೆ ಮುಚ್ಚಿದೆ ನೀನು? ನಿನ್ನದೋ, ನಮ್ಮದೋ?

ಸಂಜೆ ಅವ್ವ ಕೇಳಿದಳು: ‘ತಾಟಿನ್ಯಾಗ ಏನ ಹಾಕಿ ಕೊಟ್ಟೀ?’ ‘ಸಕ್ಕರಿ’ ಎಂದೆ. ಮರುದಿನ ಅವ್ವ ಸುರಕುಂಬಾ ಮಾಡಿದಳು. ಶಿವು ಎರಡು ಬಟ್ಟಲು ತಿಂದ.

ಮುಂದಿನ ಬೇಸಿಗೆಗೆ ನೀನು ಮಾಳಿಗೆ ಹತ್ತಲಿಲ್ಲ. ಮಣಕಾಲು ನೋವು ಅಂದೆಯಂತೆ. ಅವ್ವ ಒಂದು ವಾರ ಕಾದು, ಸಿಟ್ಟಿನಿಂದ ಗಿರಣಿಯ ಶಾವಿಗೆ ತರಿಸಿದಳು. ಕಾಕಾ ತೀರಿಕೊಂಡ ಮೇಲೆ ನೀನು ನಿಪ್ಪಾಣಿಯಲ್ಲಿ ಶಾಹೀನಳ ಮನೆ ಸೇರಿದೆ. ‘ಮಗಳ ಮನಿ ಸೇರಿದ ಮ್ಯಾಲ ಸೊಕ್ಕ ಬಂದೈತಿ ಆಕಿಗೆ’ ಎಂದು ಅವ್ವ ಗೊಣಗುವಾಗಲೆಲ್ಲ ನನ್ನ ನಾಲಿಗೆ ತುದಿಗೆ ಬಂದದ್ದು ತಿರುಗಿ ಒಳಗೆ ಹೋಗುತ್ತಿತ್ತು. ನಾಲ್ಕು ವರ್ಷದ ಹಿಂದೆ ನೀನು ಹೋದ ಸುದ್ದಿ ಬಂದಾಗ ನಾನು ಚಿಕ್ಕೋಡಿಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ. ನಿಪ್ಪಾಣಿ ಎಷ್ಟು ದೂರ? ಒಂದು ಬಸ್ಸು. ನಾನು ಬರಲಿಲ್ಲ. ಯಾವ ಮುಖ ಹೊತ್ತು ನಿನ್ನ ಬಾಗಿಲಿಗೆ… ಶಿವು ಬಂದಿದ್ದ. ಯಾರಿಗೂ ಹೇಳದೆ ಬೈಕ್ ಹತ್ತಿ ಬಂದು, ಮೂರು ಹಿಡಿ ಮಣ್ಣು ಹಾಕಿ ಹೋದ. ಊರಿಗೆ ತಿರುಗಿ ಬಂದವನು ಬಚ್ಚಲಲ್ಲಿ ಬಹಳ ಹೊತ್ತು ಕೈ ತೊಳೆಯುತ್ತಿದ್ದನೆಂದು ಅವನ ಹೆಂಡತಿ ಹೇಳಿದಳು.

ಆ ಚರ್ಚಾಸ್ಪರ್ಧೆಯ ಹುಡುಗಿಗೆ ನಾನು ಏನು ಹೇಳಬಹುದಿತ್ತು? ಕೆಮ್ಮು ಎಂದು ಯಾವ ಗ್ರಂಥವೂ ಶಿವುಗೆ ಹೇಳಿರಲಿಲ್ಲ. ಹಾಗೆಂದು ಧರ್ಮದ ಕೈ ಅದರಲ್ಲಿ ಇರಲೇ ಇಲ್ಲ ಎಂದರೆ ಅದೂ ಸುಳ್ಳು. ಆ ಒಂದು ಕೆಮ್ಮಿಗೆ ನನ್ನ ಕೈ ತಡೆಯುವಷ್ಟು ಬಲ ಎಲ್ಲಿಂದ ಬಂತು? ಅವ್ವನ ಒಲೆಗೂ ನಿನ್ನ ಒಲೆಗೂ ನಡುವೆ ಮೊದಲಿನಿಂದ ಒಂದು ಗೆರೆ ಇತ್ತಲ್ಲ, ಅದೇ ಗೆರೆಯ ಮೇಲೆ ಯಾರೋ ಬಂದು ಗೋಡೆ ಎಬ್ಬಿಸಿದರು. ನೀವಿಬ್ಬರೂ ಆ ಗೆರೆಯನ್ನು ಅಷ್ಟು ಪ್ರೀತಿಯಿಂದ ದಾಟಿ ದಾಟಿ ನಡೆದಿರಿ, ಅಳಿಸಲಿಲ್ಲ. ಅಳಿಸಬೇಕಿತ್ತೇ? ನನಗೆ ಗೊತ್ತಿಲ್ಲ ಮಾವಶಿ. ಗೆರೆ ಇದ್ದೂ ನೀನು ಮಂಗಸೂಳಿಗೆ ಬಂದೆ. ಗೆರೆ ಬೇಡವೆಂದು ಪುಸ್ತಕ ಓದಿದ ನಾನು ಒಂದು ಹಿಡಿ ಸಕ್ಕರೆ ಹಾಕಲಿಲ್ಲ. ಇಷ್ಟು ಮಾತ್ರ ನನಗೆ ಗೊತ್ತಿರುವುದು.

ಮೇ ತಿಂಗಳ ಒಂದು ಭಾನುವಾರ ಬೋರಗಾಂವಕ್ಕೆ ಹೋದೆ. ಅವ್ವ ಪಡಸಾಲೆಯಲ್ಲಿ ಗೋಧಿ ಹಸನು ಮಾಡುತ್ತಿದ್ದಳು. ಎದುರು ಕೂತು ನಾನೂ ಕಲ್ಲು ಆರಿಸುತ್ತ, ಕತ್ತೆತ್ತದೆ ಹೇಳಿಬಿಟ್ಟೆ. ಅವಳ ಬೆರಳು ನಿಂತವು.

‘ಸಕ್ಕರಿ ಹಾಕೀನಿ ಅಂದಿದ್ದೆಲ್ಲಲೇ ನನ್ನ ಮುಂದ?’

‘ಸುಳ್ಳ ಹೇಳಿದ್ನಿ ಬೇ.’

‘ಖಾಲಿ? ರಶೀದಾನ ತಾಟು ಖಾಲಿ ಕೊಟ್ಟಿ? ಎಂ.ಎ. ಕಲ್ತಾಳಂತ ಎಂ.ಎ.! ನಿನ್ನ ಎಮ್ಮೀ ಕಾಯಾಕ ಹಚ್ಚಬೇಕಿತ್ತ ನಾ. ಒಂಬತ್ತ ವರ್ಷ ಆತಲ್ಲೇ… ಸೊಕ್ಕಿನಾಕಿ ಸೊಕ್ಕಿನಾಕಿ ಅಂತ ಓಣಿ ತುಂಬ ಬಾಯಿ ಮಾಡಕೊಂಡ ಬಂದೀನಿ. ಸತ್ತಾಗೂ, ಆಕಿನ ಬರಲಿಲ್ಲ ನಾ ಯಾಕ ಹೋಗ್ಲಿ ಅಂತ ಕುಂತ್ನಿ. ಮಣ್ಣ ಮಾಡೂ ದಿನಾನೂ ಹೋಗಲಿಲ್ಲ ನಾ…’

ಬಾಗಿಲ ಹತ್ತಿರ ಶಿವು ನಿಂತಿದ್ದ. ಯಾವಾಗ ಬಂದನೋ. ‘ಅಕ್ಕಗ ಬೈಬ್ಯಾಡ ಬೇ’ ಎಂದ. ‘ಆಕಿ ಹಾಕಾಕಿನ ಇದ್ಳು. ಕೆಮ್ಮಿದಾಂವ ನಾ.’

ಅವ್ವ ಅವನಿಗೆ ಬೈಯಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು, ‘ಮಾಳಗಿ ಮ್ಯಾಲಿಂದ ಶಾವಿಗಿ ಮಣಿ ಇಳಸ್ರಿ, ಗೆದ್ದಲ ತಿಂದೈತೇನ ನೋಡೂನ’ ಎಂದಳು. ಗೆದ್ದಲು ಹತ್ತಿರಲಿಲ್ಲ. ಜಾಲಿಯ ಕಟ್ಟಿಗೆ, ಕಾಕಾನ ಆಯ್ಕೆ. ಎಪ್ಪತ್ತೆಂಟರ ಅವ್ವನಿಗೆ ಈಗ ಮಣೆ ಏರಿ ಕೂರಲಾಗುವುದಿಲ್ಲ. ನಾನು ಏರಿದೆ, ಅವ್ವ ಕೆಳಗೆ ನಿನ್ನ ಜಾಗದಲ್ಲಿ ಕೂತಳು. ನನ್ನ ಎಳೆಗಳು ಗೇಣಿಗೊಂದು ಕಡೆ ಹರಿದವು. ‘ರಶೀದಾ ಇದ್ರ ನಿನ್ನ ಕೈ ಮುರೀತಿದ್ಳು’ ಎಂದು ಬೈಯುತ್ತ ಹರಿದ ಎಳೆಗಳನ್ನೇ ಹಿಂಜಿ ಹಾಕಿದಳು. ಮೊದಲ ಎಳೆಗೆ ಮಲ್ಲಯ್ಯನ ಹೆಸರು ಹೇಳಿ, ‘ಆಕೀದೂ ಹೇಳ’ ಎಂದಳು. ‘ಬಿಸ್ಮಿಲ್ಲಾ’ ಎಂದೆ. ನನ್ನ ಬಾಯಲ್ಲಿ ಅದು ಎಷ್ಟು ಸರಿಯಾಗಿ ಬಂತೋ, ನೀನೇ ಹೇಳಬೇಕು.

ನಿನ್ನೆ ರಮಜಾನ್ ಹಬ್ಬ. ಅವ್ವ ತನ್ನ ಮದುವೆಯ ಹಿತ್ತಾಳೆ ತಾಟು ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ನಾವು ಹೊಸೆದ ವಕ್ರ ಶಾವಿಗೆ, ಅದರ ಮೇಲೆ ಸಕ್ಕರೆ. ಹಿಡಿ ಹಿಡಿಯಾಗಿ, ಇನ್ನು ಹಿಡಿಯದು ಅನ್ನುವ ತನಕ ಹಾಕಿದಳು. ಪೆಟ್ಟಿಗೆಯಿಂದ ಹೊಸ ಖಣ ತೆಗೆದು ಹೊದಿಸಿದಳು. ಶಿವು ಜೀಪು ತಂದ. ದಾರಿಯುದ್ದಕ್ಕೂ ಅವ್ವ ತಾಟನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ಶಾಹೀನ್ ಬಾಗಿಲು ತೆಗೆದು, ‘ಯಾ ಅಲ್ಲಾ, ದೊಡ್ಡವ್ವಾ!’ ಎಂದಳು. ಥೇಟ್ ನಿನ್ನ ಮುಖ, ಹಣೆ ಮಾತ್ರ ಕಾಕಾನದು. ನಾವು ಕೂತೆವು. ಶಿವು ಒಳಗೆ ಬರಲಿಲ್ಲ, ಜೀಪಿನಲ್ಲೇ ಕೂತ. ಅವ್ವ ತಾಟನ್ನು ಶಾಹೀನಳ ಕೈಗೆ ಕೊಟ್ಟು ಅಂದಳು: ‘ಇದು ಬಾಕಿ ಇತ್ತವಾ. ಅವತ್ತ ನಿಮ್ಮವ್ವಗ ನನ್ನ ಮಗಳು ತಾಟ ಖಾಲಿ ಕೊಟ್ಟಿದ್ಳು.’

‘ಖಾಲಿ? ಯಾವತ್ತ ದೊಡ್ಡವ್ವಾ?’

‘ಆ ಗಲಾಟಿ ವರ್ಷ. ರಮಜಾನಕ್ಕ.’

‘ಇಲ್ಲ್ರಿ. ನಾ ಇದ್ನೆಲ್ಲ ಅವತ್ತ ಬೋರಗಾಂವದಾಗ. ಇಂಥಾ ದಿನಾ ಯಾಕ ಹೋಗಿದ್ದೀ, ಏನ ಅಂದ್ರು ಅಂತ ಅಬ್ಬಾ ಬೈದ್ರು. ಅಮ್ಮಿ ಬಟ್ಟಿ ತಗದ ತೋರಿಸಿದ್ಳು. ಸಕ್ರಿ ಇತ್ತು. ನೋಡ್ರಿ, ಸುಮ್ಮಿ ಕೈತುಂಬ ಹಾಕ್ಯಾಳ, ಅವರೇನ ಬದಲಾಗಿಲ್ಲ ಅಂದ್ಳು. ನಮ್ಮೆಲ್ಲಾರ ಬಾಯಾಗ ಒಂದೊಂದ ಚಿಮಟಿ ಹಾಕಿದ್ಳು.’

ಎಲ್ಲಿ ತುಂಬಿಕೊಂಡೆ ಮಾವಶಿ? ನಮ್ಮ ಮನೆಯಿಂದ ನಿನ್ನ ಮನೆಗೆ ನಾಲ್ಕೇ ಬಾಗಿಲು. ಹಿತ್ತಲಿನಿಂದ ಅಡುಗೆಮನೆಗೆ ಹೋಗಿ ನಿನ್ನದೇ ಡಬ್ಬಿಯಿಂದ ಹಾಕಿಕೊಂಡೆಯಾ? ನಾನು ಅವ್ವನಿಗೆ ಸಕ್ಕರೆ ಎಂದು ಸುಳ್ಳು ಹೇಳಿದ ದಿನವೇ ನೀನೂ ನಿನ್ನ ಮನೆಯಲ್ಲಿ ಸಕ್ಕರೆ ಎಂದು ಸುಳ್ಳು ಹೇಳಿದೆ. ನಾನು ಹೇಳಿದ್ದು ನನ್ನನ್ನು ಉಳಿಸಿಕೊಳ್ಳಲು. ನೀನು?

ಸುಮ್ಮನಿದ್ದುಬಿಡಬಹುದಿತ್ತು. ನೀನು ಕಟ್ಟಿಟ್ಟು ಹೋದದ್ದನ್ನು ನಾನೇಕೆ ಬಿಚ್ಚಬೇಕು ಎನಿಸಿತು. ಆದರೆ ಆ ಒಳ್ಳೆಯ ಹೆಸರು ಹೊತ್ತು ಕೂರಲು ಆಗಲಿಲ್ಲ. ಶಾಹೀನಳಿಗೆ ಎಲ್ಲವನ್ನೂ ಹೇಳಿದೆ, ಮುಚ್ಚಳದ ಸದ್ದನ್ನೂ ಬಿಡದೆ. ಅವಳು ಖಣದ ಅಂಚು ಹಿಡಿದು ಅಳುತ್ತಲೇ ನಕ್ಕಳು: ‘ತಿಂಗಳತನ ರೋಜಾ ಹಿಡದು, ಹಬ್ಬದ ದಿನಾನ ಸುಳ್ಳ ಹೇಳ್ಯಾಳ ನೋಡ್ರಿ ನಮ್ಮ ಅಮ್ಮಿ.’ ಎದ್ದು ಕಣ್ಣೊರೆಸಿಕೊಂಡು, ‘ಕುಂದರ್ರಿ ದೊಡ್ಡವ್ವಾ, ಹಸೀ ಸಾಮಾನ ಕಟ್ಟಿ ಕೊಡ್ತೀನಿ, ಮನ್ಯಾಗ ಮಾಡಕೋರಿ’ ಎಂದಳು. ಪದ್ಧತಿಯನ್ನು ನೀನು ಅವಳಿಗೂ ಕಲಿಸಿದ್ದೀ.

ಅವ್ವ ಅಡುಗೆಮನೆಯ ಕಡೆ ನೋಡಿದಳು. ತುಪ್ಪದಲ್ಲಿ ಕೆಂಪಗೆ ಹುರಿದ ಶಾವಿಗೆಯ ಅದೇ ವಾಸನೆ.

‘ಹಸೀದು ಬ್ಯಾಡ’ ಎಂದಳು. ‘ಮಾಡಿದ್ದ ಐತಲ್ಲ? ಬಟ್ಟಲಕ್ಕ ಹಾಕ.’

ಶಾಹೀನ್ ಮೂರು ಬಟ್ಟಲು ತಂದಳು. ಒಂದನ್ನು ತಾನೇ ಹೊರಗೆ ಜೀಪಿನ ಹತ್ತಿರ ಒಯ್ದಳು. ಏನು ಮಾತಾಡಿದರೋ ಕೇಳಿಸಲಿಲ್ಲ. ಬಟ್ಟಲು ಖಾಲಿಯಾಗಿ ಬಂತು, ಶಿವು ಮಾತ್ರ ಬರಲಿಲ್ಲ. ಇನ್ನೊಂದು ವರ್ಷಕ್ಕೆ ಬಂದಾನು. ಅವ್ವ ಕೊರಳಿನ ಲಿಂಗವನ್ನು ಒಮ್ಮೆ ಮುಟ್ಟಿಕೊಂಡಳು. ಕೇಳಿಕೊಂಡಳೋ, ಹೇಳಿಬಿಟ್ಟಳೋ, ನನಗೆ ತಿಳಿಯಲಿಲ್ಲ. ಒಂದು ಚಮಚ ಬಾಯಿಗಿಟ್ಟು, ಕಣ್ಣು ಮುಚ್ಚಿ, ‘ಸಕ್ಕರಿ ಹೆಚ್ಚ ಆಗೈತಿ. ರಶೀದಾನೂ ಹಿಂಗ ಹಾಕ್ತಿದ್ಳೇನ?’ ಎಂದಳು.

ಕಾಲೇಜು ತೆರೆದ ಮೇಲೆ ಅಲಖನೂರಿನ ಆ ಹುಡುಗಿಯನ್ನು ಕರೆದು ಮಾತಾಡಿಸುತ್ತೇನೆ. ಅವಳ ಪ್ರಶ್ನೆಗೆ ಉತ್ತರವೆಂದಲ್ಲ. ಮಂಗಸೂಳಿಯ ಮೆಟ್ಟಿಲು, ಹೊದಿಸಿದ ಬಿಳಿ ಬಟ್ಟೆ ಎರಡನ್ನೂ ಹೇಳುತ್ತೇನೆ. ಸಕ್ಕರೆ ಡಬ್ಬಿಯಿಂದ ತಿರುಗಿ ಬಂದ ಕೈ ಯಾರದೆಂಬುದನ್ನೂ. ಬಸ್ಸು ಹೋದರೆ ಹೋಗಲಿ. ಬರುವ ಬೇಸಿಗೆಗೆ ಶಾಹೀನ್ ನಮ್ಮ ಮಾಳಿಗೆಗೆ ಬರುತ್ತಾಳಂತೆ. ಎಳೆ ಹಿಡಿಯಲು ಅವಳು, ಬೈಯಲು ಅವ್ವ.

ನಾನು ಬಟ್ಟಲು ಕೈಯಲ್ಲಿ ಹಿಡಿದು ಹಾಗೇ ಕೂತಿದ್ದೆ, ಮಾವಶಿ. ನಲವತ್ತು ವರ್ಷದಿಂದ ಕಾಯ್ದ ಮಾತು ಇನ್ನೂ ಬಂದಿರಲಿಲ್ಲವಲ್ಲ. ಅವ್ವ ನನ್ನ ಕಡೆ ತಿರುಗಿ, ‘ಯಾಕ ನೋಡಕೋತ ಕುಂತೀ? ಆರತೈತಿ. ತಿನ್ನ’ ಎಂದಳು.

ಆಮೇಲೆಯೇ ತಿಂದೆ.

ನಿನ್ನ
ಸುಮ್ಮಿ